ಕಿಸೆಯೊಳಗಿನ ತಿಜೋರಿ



ಈ ಸಂಚಿಕೆಯ ಪಾಠದ ಪುಟಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಕೆರೆಯ ಕಾಯಕದ ಕುರಿತು ಲೇಖನ ಸಿದ್ಧವಾಗಿತ್ತು. ಅದನ್ನು ಮುಂದಿನ ತಿಂಗಳಿಗೆ ಇರಿಸಿ, ಈ ಸಲ ಫೋನು ಮತ್ತು ಹಣದ ವಿಷಯ ಬರೆಯಿರೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಮಠದ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವು ಹಿರಿಯರು ಕೇಳಬಹುದು. ಆದ್ದರಿಂದ ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಕಳೆದ ಶ್ರಾವಣದ ಪ್ರವಚನ ಮುಗಿದ ರಾತ್ರಿ ಜತ್ತ ತಾಲೂಕಿನ ಒಬ್ಬ ಭಕ್ತರು ಪ್ರಸಾದದ ಪಂಕ್ತಿಗೆ ಬಾರದೆ ಹೊರಗಿನ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಪ್ರತಿ ವರ್ಷ ದಾಸೋಹಕ್ಕೆ ಎರಡು ಚೀಲ ಜೋಳ ತಂದು ಹಾಕುವ ಮನೆತನ. "ಯಾಕ್ರಿ ಗೌಡ್ರ, ಪ್ರಸಾದಕ್ಕ ಬರೂದಿಲ್ಲೇನು?" ಎಂದು ಕೇಳಿದೆವು. "ಇರ್ಲಿ ಬಿಡ್ರಿ, ಈ ವರ್ಷ ಬರಿಗೈಲೆ ಬಂದೀನಿ" ಎಂದು ತಲೆ ತಗ್ಗಿಸಿದರು. ಬಹಳ ಹೊತ್ತಾದ ಮೇಲೆ ವಿಷಯ ಹೊರಬಿತ್ತು. ಒಣದ್ರಾಕ್ಷಿ ಮಾರಿ ಬಂದ ಹಣದಲ್ಲಿ 1,84,000 ರೂಪಾಯಿ ಅವರ ಖಾತೆಯಿಂದ ಒಂದೇ ರಾತ್ರಿ ನಾಲ್ಕು ಕಂತಿನಲ್ಲಿ ಹೋಗಿತ್ತು. ಸೊಸಾಯಿಟಿಯ ಸಾಲ ತೀರಿಸಲೆಂದು ಇಟ್ಟ ಹಣ. ಹನ್ನೊಂದು ದಿನ ಅವರು ಹೆಂಡತಿಗೂ ಹೇಳಿರಲಿಲ್ಲ. "ಊರಾಗ ನಾಕ್ ಮಂದಿಗೆ ಬುದ್ಧಿ ಹೇಳಾಂವ ನಾ. ನನಗs ಹಿಂಗಾತಂದ್ರ ಹೆಂಗ ಹೇಳ್ಲಿ?" ಎಂದರು. ಹನ್ನೆರಡನೆಯ ದಿನ ಬ್ಯಾಂಕಿಗೆ ಹೋದಾಗ ಹಣ ಎಷ್ಟೋ ಖಾತೆಗಳನ್ನು ದಾಟಿ, ಎಲ್ಲಿಯೋ ಎಟಿಎಮ್ಮಿನಿಂದ ನಗದಾಗಿ ಹೋಗಿಬಿಟ್ಟಿತ್ತು.

ನಡೆದದ್ದೇನೆಂಬುದನ್ನು ಸಾವಕಾಶವಾಗಿ ಹೇಳುವುದು ಅವಶ್ಯ. ಏಕೆಂದರೆ ಈ ಬಗೆಯ ಮೋಸ ನಮ್ಮ ಭಾಗದ ಒಕ್ಕಲಿಗರಿಗೆಂದೇ ಮಾಡಿದಂತಿದೆ.

ಅವರ ವಾಟ್ಸ್‌ಆಪಿಗೆ ಒಂದು ಫೈಲು ಬಂದಿತ್ತು. ಹೆಸರು 'ಪಿಎಂ ಕಿಸಾನ್ ಹೊಸ ಯಾದಿ', ಕೊನೆಯಲ್ಲಿ ಒಂದು ಚುಕ್ಕೆ, ಅದರ ಮುಂದೆ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ. ಕಳಿಸಿದ್ದು ಅಪರಿಚಿತರಲ್ಲ, ಸ್ವಂತ ಅಕ್ಕನ ಮಗ. ಅಳಿಯ ಕಳಿಸಿದ್ದೆಂದು ತೆರೆದರು. ಫೋನು ಒಂದೆರಡು ಸಲ 'ಇದು ಅಪಾಯವಿರಬಹುದು' ಎಂದು ಎಚ್ಚರಿಸಿತು. ಅದು ಇಂಗ್ಲಿಷಿನಲ್ಲಿತ್ತು, ಸರಿಯೆಂದು ಒತ್ತಿದರು. ಆಮೇಲೆ ಸರಕಾರದ ಚಿತ್ರವಿದ್ದ ಒಂದು ಅರ್ಜಿ ತೆರೆದುಕೊಂಡಿತು. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಎಟಿಎಂ ಕಾರ್ಡಿನ ಮುಂದಿನ ಅಂಕಿ, ಹಿಂದಿನ ಅಂಕಿ, ಎಲ್ಲ ತುಂಬಿಸಿಕೊಂಡಿತು. ನಂತರ ಆ ಆಪ್ ಫೋನಿನ ಪರದೆಯಿಂದ ಮಾಯವಾಯಿತು. ಹಾಳಾಗಿದೆಯೆಂದು ಇವರು ಬಿಟ್ಟುಬಿಟ್ಟರು.

ಎಪಿಕೆ ಎಂದರೆ ಚಿತ್ರವೂ ಅಲ್ಲ, ಕಾಗದವೂ ಅಲ್ಲ. ಅದೊಂದು ಆಪ್, ಅಂದರೆ ಫೋನಿನೊಳಗೆ ಕೆಲಸ ಮಾಡುವ ಯಂತ್ರ. ಫೋಟೊ ತೆರೆದರೆ ನಾವು ನೋಡುತ್ತೇವೆ; ಎಪಿಕೆ ತೆರೆದು ಹಾಕಿಕೊಂಡರೆ ಅದು ನಮ್ಮನ್ನು ನೋಡತೊಡಗುತ್ತದೆ. ಹಾಕಿಕೊಳ್ಳುವಾಗ ಅದು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ, ಸಂಪರ್ಕದ ಹೆಸರುಗಳನ್ನು ನೋಡುವ ಅನುಮತಿ ಕೇಳುತ್ತದೆ. ನಾವು ಒಂದೊಂದಕ್ಕೂ ಸರಿ ಎನ್ನುತ್ತೇವೆ. ಅಲ್ಲಿಂದ ಮುಂದೆ ಬ್ಯಾಂಕಿನಿಂದ ಬರುವ ಒಟಿಪಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳನಿಗೆ ತಲುಪುತ್ತದೆ. ಅದೇ ಆಪ್ ನಮ್ಮ ಹೆಸರಿನಲ್ಲಿ ನಮ್ಮ ಬಂಧುಬಳಗಕ್ಕೆಲ್ಲ ಅದೇ ಫೈಲನ್ನು ಕಳಿಸುವುದೂ ಉಂಟು. ಅಳಿಯ ಪಾಪ ಏನನ್ನೂ ಕಳಿಸಿರಲಿಲ್ಲ; ಅವನ ಫೋನು ಆಗಲೇ ಕಳ್ಳರ ಕೈಸೇರಿತ್ತು.

ಬ್ಯಾಂಕಿನಲ್ಲಿ ದೊಡ್ಡ ವಾದವೇ ಆಯಿತು. ಒಟಿಪಿ ಕೊಡದೆ ಹಣ ಹೋಗುವುದು ಸಾಧ್ಯವಿಲ್ಲವೆಂದು ಅವರು, ದೇವರಾಣೆ ಯಾರಿಗೂ ಹೇಳಿಲ್ಲವೆಂದು ಇವರು. ನಮ್ಮ ದೃಷ್ಟಿಯಲ್ಲಿ ಇಬ್ಬರದೂ ನಿಜ. ಗೌಡರು ಬಾಯಿಂದ ಹೇಳಿರಲಿಲ್ಲ. ಫೋನು ಹೇಳಿತ್ತು. 'ಒಟಿಪಿ ಯಾರಿಗೂ ಹೇಳಬೇಡಿ' ಎಂಬ ಒಂದು ಮಾತನ್ನೇ ನಾವೆಲ್ಲ ವರ್ಷಗಟ್ಟಲೆ ಕಲಿತುಕೊಂಡು ಕುಳಿತೆವು. ಅಷ್ಟರಲ್ಲಿ ಕಳ್ಳರು ಕೇಳುವುದನ್ನೇ ಬಿಟ್ಟುಬಿಟ್ಟಿದ್ದರು.

ಇದೇ ಎಪಿಕೆ ಮದುವೆಯ ಲಗ್ನಪತ್ರಿಕೆಯ ಹೆಸರಿನಲ್ಲಿ ಬರುತ್ತದೆ, ಮೋಟಾರ್ ಸೈಕಲ್ಲಿನ ದಂಡದ ಚಲನ್ ಎಂದು ಬರುತ್ತದೆ, ವಿದ್ಯುತ್ ಬಿಲ್ಲು ಬಾಕಿಯಿದೆ ಎಂದು ಬರುತ್ತದೆ, ಬ್ಯಾಂಕಿನ ಕೆವೈಸಿ ಎಂದೂ ಬರುತ್ತದೆ. ಹೆಸರು ಏನೇ ಇರಲಿ, ವಾಟ್ಸ್‌ಆಪಿನಲ್ಲಿ ಬಂದ ಎಪಿಕೆ ಫೈಲನ್ನು ತೆರೆಯಲೇಬಾರದು; ಅಣ್ಣ ಕಳಿಸಿರಲಿ, ಮಠ ಕಳಿಸಿರಲಿ. ಆಪ್ ಬೇಕಾದರೆ ಪ್ಲೇ ಸ್ಟೋರಿನಲ್ಲಿ ಮಾತ್ರ ಹುಡುಕಬೇಕು, ಅಲ್ಲಿಯೂ ಅದು ಯಾರು ಮಾಡಿದ್ದೆಂದು ಓದಿ ನೋಡಬೇಕು. ಫೋನಿನ ಸೆಟ್ಟಿಂಗಿನಲ್ಲಿ ಹೊರಗಿನ ಆಪ್‌ಗಳನ್ನು ಹಾಕಲು ಅನುಮತಿ ಕೊಡುವ ಒಂದು ಜಾಗವಿದೆ. ವಾಟ್ಸ್‌ಆಪಿನ ಮುಂದೆ ಆ ಗುಂಡಿ ಬಂದಾಗಿರಬೇಕು. ಪಿಎಂ ಕಿಸಾನ್ ಹಣ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ, ನೇರವಾಗಿ ಖಾತೆಗೆ ಬರುತ್ತದೆ. ಅದಕ್ಕಾಗಿ ಎಟಿಎಂ ಕಾರ್ಡಿನ ಹಿಂದಿನ ಅಂಕಿಯನ್ನು ಯಾವ ಸರಕಾರವೂ ಕೇಳುವುದಿಲ್ಲ.

ಆಗಲೇ ಅಂಥ ಫೈಲು ಹಾಕಿಕೊಂಡಿದ್ದರೆ ಮೊದಲು ಆ ಫೋನಿನ ಇಂಟರ್ನೆಟ್ ಬಂದ್ ಮಾಡಿ, ಸಾಧ್ಯವಾದರೆ ಸಿಮ್ ಕಾರ್ಡನ್ನೇ ಹೊರತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿ. ದೂರು ದಾಖಲಾಗುವವರೆಗೆ ಆ ಸಂದೇಶವನ್ನು ಅಳಿಸಬೇಡಿ, ಅದೇ ಸಾಕ್ಷಿ. ದೂರು ಮುಗಿದ ಮೇಲೆ ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಸಿಕೊಳ್ಳಬೇಕು. ಬರೀ ಆಪ್ ತೆಗೆದರೆ ಸಾಲದು.

ನಮ್ಮಿಂದಾದ ತಪ್ಪು

ಬೇರೆಯವರ ತಪ್ಪನ್ನು ಬರೆದು ನಮ್ಮದನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಡು ವರ್ಷಗಳ ಹಿಂದೆ ಜಾತ್ರೆಯ ದಾಸೋಹಕ್ಕೆ ಕಾಣಿಕೆ ಕೊಟ್ಟವರ ಯಾದಿಯನ್ನು ನಾವೇ ಸಿದ್ಧಪಡಿಸಿ ಭಕ್ತರ ವಾಟ್ಸ್‌ಆಪ್ ಗುಂಪಿಗೆ ಹಾಕಿದ್ದೆವು. ಲೆಕ್ಕ ಪಾರದರ್ಶಕವಾಗಿರಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಹೆಸರು, ಊರು, ಫೋನ್ ಸಂಖ್ಯೆ, ಕೊಟ್ಟ ಮೊತ್ತ, ನಾಲ್ಕೂ ಕಾಲಮು ಅದರಲ್ಲಿದ್ದವು. ಲೆಕ್ಕ ಕಲಿತವರಿಗೆ ಕಾಲಮು ಖಾಲಿ ಬಿಟ್ಟರೆ ಸಮಾಧಾನವಿರುವುದಿಲ್ಲ!

ಮೂರು ವಾರಗಳ ನಂತರ ಅಕ್ಕಲಕೋಟೆ ಕಡೆಯ ಇಬ್ಬರು ಭಕ್ತರಿಗೆ ಕರೆ ಬಂತು. "ಮಠದಿಂದ ಮಾತಾಡ್ತೀವ್ರಿ. ಹೋದ ಜಾತ್ರಿಗೆ ತಾವು 5,100 ಕೊಟ್ಟಿದ್ರಿ. ಅಪ್ಪಾವರಿಗೆ ಆರಾಮಿಲ್ಲ, ಸೊಲ್ಲಾಪುರದ ದವಾಖಾನಿಗೆ ಸೇರಿಸೀವಿ, ತುರ್ತು ಬೇಕಾಗ್ಯದ." ಕೊಟ್ಟ ಮೊತ್ತವನ್ನು ಸರಿಯಾಗಿ ಹೇಳಿದ ಮೇಲೆ ಸಂಶಯ ಹೇಗೆ ಬರಬೇಕು? ಒಬ್ಬರು 5,000, ಇನ್ನೊಬ್ಬರು 11,000 ಕಳಿಸಿಬಿಟ್ಟರು. ಮರುದಿನ ಪೂಜ್ಯರನ್ನು ನೋಡಲು ಹಣ್ಣು ಹಿಡಿದುಕೊಂಡು ಬಂದಾಗ, ಪೂಜ್ಯರು ಎಂದಿನಂತೆ ಪೂಜೆ ಮುಗಿಸಿ ಕುಳಿತಿದ್ದರು.

ಗುಂಪಿನಲ್ಲಿ ನಾಲ್ಕು ನೂರಕ್ಕೂ ಮಿಕ್ಕಿ ಜನರಿದ್ದರು. ಯಾದಿ ಅವರಲ್ಲಿ ಯಾರ ಫೋನಿನಿಂದ ಎಲ್ಲಿಗೆ ಹೋಯಿತೆಂದು ಹುಡುಕುವುದು ವ್ಯರ್ಥ. ಹಾಕಿದವರು ನಾವು. ಆ ಇಬ್ಬರು ಭಕ್ತರ ಹಣವನ್ನು ಪೂಜ್ಯರ ಅಪ್ಪಣೆಯಂತೆ ಮಠದಿಂದಲೇ ತುಂಬಿಕೊಡಲಾಯಿತು. ಒಬ್ಬರು ತೆಗೆದುಕೊಂಡರು, ಒಬ್ಬರು ಅದನ್ನು ಮತ್ತೆ ದಾಸೋಹಕ್ಕೇ ಹಾಕಿದರು. ಅಂದಿನಿಂದ ಯಾದಿಯಲ್ಲಿ ಹೆಸರು ಮತ್ತು ಊರು ಮಾತ್ರ ಇರುತ್ತದೆ, ಅದೂ ಸೂಚನಾ ಫಲಕದ ಮೇಲೆ. ಮೊತ್ತದ ಲೆಕ್ಕ ಕಿರ್ದಿಯಲ್ಲಿದೆ. ಬಂದು ನೋಡುವ ಹಕ್ಕು ಎಲ್ಲರಿಗೂ ಇದೆ.

ಪ್ರಸಾದ ನಿಲಯದ ಹುಡುಗರ ಪ್ರವೇಶಕ್ಕೆಂದು ತೆಗೆದುಕೊಂಡ ಆಧಾರ್ ಝೆರಾಕ್ಸುಗಳ ಕಥೆ ಇನ್ನೂ ನಾಚಿಕೆಗೇಡಿನದು. ಹತ್ತು ವರ್ಷಗಳ ಪ್ರತಿಗಳು ಒಂದು ತೆರೆದ ಕಪಾಟಿನಲ್ಲಿದ್ದವು. ಒಂದು ದಿನ ಜಾತ್ರೆಯ ಪ್ರಸಾದದ ಚುರುಮುರಿಯನ್ನು ಯಾರೋ ಅವೇ ಕಾಗದಗಳಲ್ಲಿ ಕಟ್ಟಿಕೊಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಬೇಡವಾದವನ್ನೆಲ್ಲ ಅದೇ ವಾರ ಹರಿದು ಸುಟ್ಟೆವು. ಈಗ ಮರೆಮಾಡಿದ ಆಧಾರ್ ಪ್ರತಿ ಮಾತ್ರ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಹನ್ನೆರಡು ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳುವಾಗ ಹಾಗೆಯೇ ಬೇಕೆಂದು ಆರಿಸಬಹುದು. ಲಾಡ್ಜಿನಲ್ಲಾಗಲಿ, ಸಿಮ್ ಮಾರುವ ಡಬ್ಬಿ ಅಂಗಡಿಯಲ್ಲಾಗಲಿ ಝೆರಾಕ್ಸ್ ಕೊಡಬೇಕಾಗಿ ಬಂದರೆ, ಅದರ ಮೇಲೆ ಅಡ್ಡಲಾಗಿ 'ಇಂಥ ಕೆಲಸಕ್ಕೆ ಮಾತ್ರ' ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿಕೊಡಿ. ಬ್ಯಾಂಕಿನ ಚೆಕ್ಕಿಗೆ ಎರಡು ಗೆರೆ ಎಳೆಯುವ ನಮಗೆ ಇದು ಹೊಸದೇನಲ್ಲ.

ಹೆಬ್ಬೆಟ್ಟಿನ ವಿಷಯ

ಫೋನೇ ಇಲ್ಲದ ಹಿರಿಯರು ತಮಗೆ ಈ ತಾಪತ್ರಯವಿಲ್ಲವೆಂದು ನಿಶ್ಚಿಂತರಾಗಿದ್ದಾರೆ. ಅವರಿಗೇ ಒಂದು ದೊಡ್ಡ ಅಪಾಯವುಂಟು.

ಹಳ್ಳಿಯಲ್ಲಿ ಬ್ಯಾಂಕಿನ ಏಜೆಂಟರು ಸಣ್ಣ ಯಂತ್ರ ಹಿಡಿದು ಬಂದು, ಬೆರಳು ಇಡಿಸಿಕೊಂಡು ಹಣ ಕೊಡುತ್ತಾರೆ. ವೃದ್ಧಾಪ್ಯ ವೇತನದವರಿಗೆ ಅದು ಬಹಳ ಅನುಕೂಲ. ಆ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು. ಒಟಿಪಿ ಬೇಡ, ಪಿನ್ ಬೇಡ, ಕಾರ್ಡು ಬೇಡ. ಈಗ ಯೋಚಿಸಿರಿ: ಈ ಮೂರರಲ್ಲಿ ಆಧಾರ್ ಸಂಖ್ಯೆ ಮತ್ತು ಬೆರಳಿನ ಗುರುತು ಎರಡೂ ಒಟ್ಟಿಗೆ ಸಿಗುವ ಕಾಗದ ಯಾವುದು? ಜಮೀನಿನ ಖರೀದಿ ಪತ್ರ. ಹೆಬ್ಬೆಟ್ಟು ಅಲ್ಲೇ, ಆಧಾರ್ ಅಲ್ಲೇ.

2018ರಲ್ಲಿ ತೆಲಂಗಾಣದಲ್ಲಿ ಜಮೀನು ನೋಂದಣಿ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಸಿಮ್ ಕಾರ್ಡುಗಳನ್ನು ಚಾಲೂ ಮಾಡಿದ ಪ್ರಕರಣ ಬೆಳಕಿಗೆ ಬಂತು. 2023ರಲ್ಲಿ ಕರ್ನಾಟಕದಲ್ಲಿಯೇ, ನೋಂದಣಿ ಪತ್ರಗಳ ಪ್ರತಿಗಳಿಂದ ಬೆರಳಿನ ಗುರುತು ತೆಗೆದು, ರಬ್ಬರಿನಂಥ ವಸ್ತುವಿನ ಮೇಲೆ ಮೂಡಿಸಿ, ಆಸ್ತಿ ಕೊಂಡವರ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ಹೊರಬಂದವು. ನಮ್ಮ ಭಕ್ತರಲ್ಲಿ ಅನೇಕರಿಗೆ ಒಂದು ಹೊಲ ಈಚೆ ಸಾತ್‌ಬಾರಾ ಉತಾರದಲ್ಲಿ, ಇನ್ನೊಂದು ಹೊಲ ಆಚೆ ಇಂಡಿ ತಾಲೂಕಿನ ಪಹಣಿಯಲ್ಲಿ. ಎರಡು ರಾಜ್ಯದ ನೋಂದಣಿ ಕಚೇರಿಗಳಲ್ಲಿ ನಮ್ಮ ಹೆಬ್ಬೆಟ್ಟು ಇದೆ. ಕಾಗದ ಹಿಂದಕ್ಕೆ ತರಲು ಬಾರದು, ಬೆರಳು ಬದಲಿಸಲು ಬಾರದು.

ಆದರೆ ಬೆರಳಿಗೆ ಬೀಗ ಹಾಕಲು ಬರುತ್ತದೆ. ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ಅಥವಾ ಅವರದೇ ಅಧಿಕೃತ ಆಪ್‌ನಲ್ಲಿ 'ಬಯೊಮೆಟ್ರಿಕ್ ಲಾಕ್' ಎಂಬ ಸೌಲಭ್ಯವಿದೆ. ಒಂದು ಸಲ ಬೀಗ ಹಾಕಿದರೆ, ನಿಜವಾದ ಬೆರಳಿಟ್ಟರೂ ಯಂತ್ರ ಒಪ್ಪುವುದಿಲ್ಲ, ನಕಲಿ ಬೆರಳಿಟ್ಟರೂ ಒಪ್ಪುವುದಿಲ್ಲ. ಇದಕ್ಕೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಆಗಿರದಿದ್ದರೆ ಆಧಾರ್ ಕೇಂದ್ರದಲ್ಲಿ ಮಾಡಿಸಬೇಕು. ಸಂಶಯ ಬಂದರೆ 1947 ಸಂಖ್ಯೆಗೆ ಕೇಳಬಹುದು.

ಇದರಲ್ಲಿ ಒಂದು ತೊಡಕೂ ಇದೆ, ಅದನ್ನು ಮರೆಮಾಚುವುದಿಲ್ಲ. ಬೀಗ ಹಾಕಿದ ಮೇಲೆ ರೇಶನ್ ಅಂಗಡಿಯಲ್ಲಿ ಬೆರಳು ಹಿಡಿಯುವುದಿಲ್ಲ, ಹೊಸ ಸಿಮ್ ಕೊಳ್ಳುವಾಗಲೂ ಹಿಡಿಯುವುದಿಲ್ಲ. ಆಗ ಸ್ವಲ್ಪ ಹೊತ್ತಿನ ಮಟ್ಟಿಗೆ ಬೀಗ ತೆಗೆದು ಕೆಲಸ ಮುಗಿಸಿಕೊಳ್ಳಬೇಕು. ನಮ್ಮ ತಾಯಿಯವರ ಆಧಾರ್‌ಗೆ ಬೀಗ ಹಾಕಿ ನಾವು ಊರಿಗೆ ಹೋದೆವು. ಅವರು ರೇಶನ್ ಸಾಲಿನಲ್ಲಿ ಎರಡು ತಾಸು ನಿಂತು ಹಿಂದಿರುಗಿ, ಮೂರು ದಿನ ನಮ್ಮೊಡನೆ ಮಾತು ಬಿಟ್ಟಿದ್ದರು. ಮನೆಯಲ್ಲಿ ರೇಶನ್ನಿಗೆ ಹೋಗುವ ಒಬ್ಬರನ್ನು ಬಿಟ್ಟು ಉಳಿದವರಿಗೆ ಬೀಗ ಹಾಕುವುದು, ಆ ಒಬ್ಬರ ಆಧಾರ್ ಜೋಡಣೆಯಾದ ಖಾತೆಯಲ್ಲಿ ಹೆಚ್ಚು ಹಣ ಇಡದಿರುವುದು, ನಮಗೆ ತೋಚಿದ ಉಪಾಯ.

ಅಡತಿ ಮತ್ತು ಅಂಗಡಿಯವರಿಗೆ

ವ್ಯಾಪಾರಸ್ಥ ಭಕ್ತರಿಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೂ ಒಂದು ಮಾತು. ಲೆಕ್ಕಶಾಸ್ತ್ರದಲ್ಲಿ ಜಮಾ ಬರುವುದಕ್ಕೆ ನಮ್ಮ ಸಹಿ ಬೇಕಿಲ್ಲ, ಖರ್ಚಿಗೆ ಬೇಕು. ಯುಪಿಐ ಪಿನ್ ಎಂದರೆ ಸಹಿ. ಯಾರಾದರೂ ನಿಮಗೆ ಹಣ ಕೊಡುತ್ತೇವೆಂದು ಹೇಳಿ ಪಿನ್ ಒತ್ತಲು ಅಥವಾ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಲು ಹೇಳಿದರೆ, ಖಾಲಿ ಚೆಕ್ಕಿಗೆ ಸಹಿ ಕೇಳುತ್ತಿದ್ದಾರೆಂದು ತಿಳಿಯಿರಿ. ಹಣ ಬರಲು ಪಿನ್ ಎಂದೂ ಬೇಕಾಗುವುದಿಲ್ಲ.

ಉಳ್ಳಾಗಡ್ಡಿ ಚೀಲ ಎತ್ತಿಸಿಕೊಂಡು, ಹಣ ಹಾಕಿದ ಫೋಟೊ ತೋರಿಸಿ ಹೋಗುವವರಿದ್ದಾರೆ. ಅಂಥ ಫೋಟೊ ಹುಟ್ಟಿಸುವ ಸುಳ್ಳು ಆಪ್‌ಗಳೇ ಇವೆ. ಗಿರಾಕಿಯ ಫೋನಿನಲ್ಲಿ ನೋಡಿದ್ದು ಜಮಾ ಅಲ್ಲ. ನಿಮ್ಮ ಖಾತೆಯಲ್ಲಿ ನೋಡಿದ್ದು ಜಮಾ. ಅಂಗಡಿಯ ಹೊರಗೆ ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ರಾತ್ರಿ ಬೇರೆಯವರ ಚೀಟಿ ಅಂಟಿಸಿ ಹೋಗುವುದೂ ಉಂಟು. ಬೆಳಿಗ್ಗೆ ಕಸ ಗುಡಿಸಿ ದೀಪ ಹಚ್ಚುವಾಗ ಅದನ್ನೊಮ್ಮೆ ಒಂದು ರೂಪಾಯಿ ಹಾಕಿ ಪರೀಕ್ಷಿಸಿರಿ. ಮಠದ ಹುಂಡಿಯ ಬಳಿಯ ಚೀಟಿಗೂ ನಾವು ಹಾಗೆಯೇ ಮಾಡುತ್ತೇವೆ, ದೇವರ ಮುಂದೆ ಇದ್ದದ್ದಕ್ಕೆ ಕಾವಲು ಬೇಡವೆಂದಲ್ಲ.

ಇನ್ನೊಂದು ವಿಷಯ ಮಾತ್ರ ಬಹಳ ಗಂಭೀರವಾದದ್ದು. ಕಾಲೇಜಿಗೆ ಹೋಗುವ ಮಕ್ಕಳಿಗೆ "ನಿನ್ನ ಖಾತೆ, ಸಿಮ್ ನಮಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಆಸೆ ತೋರಿಸುವವರಿದ್ದಾರೆ. ಗೌಡರ ಹಣ ಹರಿದುಹೋದದ್ದು ಇಂಥ ಬಾಡಿಗೆ ಖಾತೆಗಳ ಮೂಲಕವೇ. ಕದ್ದ ಹಣ ಮಗನ ಖಾತೆ ದಾಟಿದರೆ ಪೊಲೀಸರು ಬರುವುದು ಮಗನ ಮನೆಗೆ. ಖಾತೆದಾರನ ಹೆಸರು, ಆಧಾರ್, ಫೋಟೊ ಎಲ್ಲ ಬ್ಯಾಂಕಿನಲ್ಲಿದೆ. ಬಾಡಿಗೆ ಹಿಡಿದವನ ಹೆಸರು ಎಲ್ಲಿಯೂ ಇಲ್ಲ. ಮನೆಯಲ್ಲಿ ಒಮ್ಮೆ ಕೂಡಿಸಿಕೊಂಡು ಕೇಳಿರಿ. ಸಿಟ್ಟಿನಿಂದ ಕೇಳಿದರೆ ಹೇಳುವುದಿಲ್ಲ.

ಪೊಲೀಸರ ವೇಷ ಹಾಕಿ ವಿಡಿಯೊ ಕರೆಯಲ್ಲಿ ಹೆದರಿಸುವ ಮೋಸವನ್ನು ಪತ್ರಿಕೆಗಳಲ್ಲಿ ತಾವು ಓದಿಯೇ ಇದ್ದೀರಿ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಫೋನ್ ಇಟ್ಟರೆ ಬಂಧನ, ಮನೆಯವರಿಗೂ ಹೇಳಬಾರದು ಎನ್ನುತ್ತಾರೆ. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ಹಿಂದಿಯಲ್ಲಿ ಗದರಿಸಿದೊಡನೆ ನಮ್ಮವರು ಕೈಕಟ್ಟಿ ನಿಲ್ಲುತ್ತಾರೆ. ಕಚೇರಿಯೆಂದರೆ ಪರಭಾಷೆಯೆಂದು ತಲೆಮಾರಿನಿಂದ ರೂಢಿಯಾದವರು ನಾವು. ಕರೆ ಕತ್ತರಿಸಿ, ಮಕ್ಕಳಿಗೆ ಹೇಳಿ, ಅಷ್ಟೇ.

ಭಾಷೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಗಡಿಯಾಚೆಯ ಕನ್ನಡಿಗರಿಗೆ ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ತಹಸೀಲ್ ಕಚೇರಿಯ ಕಾಗದ ಮರಾಠಿಯಲ್ಲಿ ಬರುತ್ತದೆ, ಮನೆಯ ಮಾತು ಕನ್ನಡ. ಸಂದೇಶ ತಿಳಿಯದಿದ್ದರೆ ಫೋನನ್ನೇ ಚಹಾ ಅಂಗಡಿಯ ಹುಡುಗನ ಕೈಗೆ ಕೊಟ್ಟು "ಏನ್ ಬಂದದ ನೋಡಪಾ ತಮ್ಮಾ" ಎನ್ನುವುದು ನಮ್ಮ ಪದ್ಧತಿ. ಪಿನ್ ಬರೆದ ಚೀಟಿ ಫೋನಿನ ಕವರಿನೊಳಗೇ ಇರುತ್ತದೆ. ಪಿನ್ ಏನೆಂದರೆ ಹುಟ್ಟಿದ ವರ್ಷ, ಇಲ್ಲವೆ ಗಾಡಿಯ ನಂಬರು. ಒಮ್ಮೆ ಪೂಜ್ಯರು ಪ್ರವಚನದಲ್ಲಿ, ಕರಡಿಗೆಯೊಳಗಿನ ಇಷ್ಟಲಿಂಗವನ್ನು ಎದೆಯಿಂದ ಇಳಿಸಿ ಬೇರೆಯವರ ಕೈಗೆ ಕೊಡದ ನಾವು ತಿಜೋರಿಯ ಕೀಲಿಕೈಯನ್ನು ಬಸ್ಟ್ಯಾಂಡಿನಲ್ಲಿ ಕೊಟ್ಟುಬರುತ್ತೇವೆ ಎಂದರು. ಹೋಲಿಕೆ ದೊಡ್ಡದಾಯಿತೆಂದು ಅವರೇ ನಕ್ಕರೂ, ಸಭೆಯಲ್ಲಿ ಹಲವರು ಕಿಸೆ ಮುಟ್ಟಿ ನೋಡಿಕೊಂಡದ್ದನ್ನು ನಾವು ಕಂಡೆವು.

ಫೋನಿನ ಸೆಟ್ಟಿಂಗಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು. ಆಗ ಎಚ್ಚರಿಕೆಯ ಮಾತು ಕನ್ನಡದಲ್ಲಿಯೇ ಬರುತ್ತದೆ. ಗೌಡರ ಫೋನು ಕನ್ನಡದಲ್ಲಿದ್ದಿದ್ದರೆ ಅವರು ಬಹುಶಃ ಆ ಗುಂಡಿ ಒತ್ತುತ್ತಿರಲಿಲ್ಲ. ವಾಟ್ಸ್‌ಆಪಿನಲ್ಲಿ ಎರಡು ಹಂತದ ಪರಿಶೀಲನೆ ಎಂಬುದಿದೆ, ಆರು ಅಂಕಿಯ ಪಿನ್ ಇಟ್ಟುಕೊಳ್ಳಬೇಕು. ಗೆಳೆಯರು "ತಪ್ಪಿ ನಿನ್ನ ಫೋನಿಗೆ ಆರು ಅಂಕಿ ಬಂದಿವೆ, ಕಳಿಸು" ಎಂದು ಬರೆದರೆ, ಬರೆದವನು ಗೆಳೆಯನಲ್ಲ. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್ಲಿನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರ ಸಂಖ್ಯೆಗಳೂ ಇರುತ್ತವೆ. ಪಾಸ್‌ಬುಕ್ಕಿನ ಮೇಲೆ ಅಥವಾ ಕಾರ್ಡಿನ ಹಿಂದೆ ಅಚ್ಚಾದದ್ದೇ ಸರಿ. ಬ್ಯಾಂಕುಗಳ ಜಾಲತಾಣದ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳಬೇಕೆಂದು ರಿಜರ್ವ್ ಬ್ಯಾಂಕು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಹಾಗಿರದ ವಿಳಾಸದಲ್ಲಿ ಏನನ್ನೂ ತುಂಬುವ ಮೊದಲು ಶಾಖೆಗೆ ಹೋಗಿ ಕೇಳಿರಿ. ನೆರವು ಮಾಡುತ್ತೇವೆಂದು ಹೇಳಿ ನಿಮ್ಮ ಪರದೆಯನ್ನು ದೂರದಿಂದ ನೋಡುವ ಆಪ್ ಹಾಕಿಸುವವರನ್ನು ನಂಬಲೇಬಾರದು.

ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ, ಸೊಲ್ಲಾಪುರದ ಸಂಕ್ರಾಂತಿಯ ಜಾತ್ರೆಯಲ್ಲಿ ಫೋನು ಕಳೆದುಕೊಂಡವರು ನಮ್ಮಲ್ಲಿ ಬಹಳ. ಮೊದಲು ಸಿಮ್ ಬಂದ್ ಮಾಡಿಸಿ, ನಂತರ ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಫೋನನ್ನೇ ತಡೆಹಿಡಿಸಬಹುದು. ಅದಕ್ಕೆ ಫೋನಿನ ಐಎಂಇಐ ಸಂಖ್ಯೆ ಬೇಕು. ಇಂದೇ *#06# ಒತ್ತಿ ಬಂದ ಹದಿನೈದು ಅಂಕಿಗಳನ್ನು ಮನೆಯ ಡೈರಿಯಲ್ಲಿ ಬರೆದಿಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ಅದೇ ಜಾಲತಾಣದಲ್ಲಿ ನೋಡಬಹುದು. ನಮ್ಮ ಹೆಸರಿನಲ್ಲಿ ನಾವು ಕಂಡೂ ಕೇಳದ ಒಂದು ಸಂಖ್ಯೆ ಇತ್ತು, ತೆಗೆಸಿದೆವು.

ಹಣ ಹೋದರೆ

ಎಷ್ಟೇ ಎಚ್ಚರವಿದ್ದರೂ ಹಣ ಹೋಯಿತೆನ್ನಿ. ಆಗ ಮೊದಲ ಕೆಲಸ 1930 ಸಂಖ್ಯೆಗೆ ಕರೆ. ಮಹಾರಾಷ್ಟ್ರದಲ್ಲಿರಲಿ, ಕರ್ನಾಟಕದಲ್ಲಿರಲಿ, ಆಂಧ್ರದಲ್ಲಿರಲಿ, ಅದೇ ಸಂಖ್ಯೆ. ಹಣ ಹೋದ ಖಾತೆ, ವೇಳೆ, ಮೊತ್ತ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಅವರು ಹಣ ಹೋದ ಮುಂದಿನ ಖಾತೆಯನ್ನು ಆ ಬ್ಯಾಂಕಿನ ಮೂಲಕ ತಡೆಹಿಡಿಸುತ್ತಾರೆ. ಹಣ ಅಲ್ಲಿಯೇ ಇದ್ದರೆ ಉಳಿಯುತ್ತದೆ, ಮುಂದೆ ಹೋಗಿದ್ದರೆ ಇಲ್ಲ. ಆದ್ದರಿಂದ ಮೊದಲ ಗಂಟೆಗೆ ಇರುವ ಬೆಲೆ ಮರುದಿನಕ್ಕಿಲ್ಲ. ನಂತರ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ಜಾಲತಾಣದಲ್ಲಿ ದೂರನ್ನು ಪೂರ್ಣಗೊಳಿಸಿ, ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು, ಪ್ರತಿಯ ಮೇಲೆ ಶಿಕ್ಕಾ ಹಾಕಿಸಿಕೊಳ್ಳಿ.

ಖಾತೆ ಸೊಲ್ಲಾಪುರದಲ್ಲಿ, ಸಿಮ್ ವಿಜಯಪುರದ್ದು, ಹಣ ಹೋದದ್ದು ಉತ್ತರದ ಯಾವುದೋ ಊರಿಗೆ. ಯಾವ ಠಾಣೆಗೆ ಹೋಗಬೇಕು? ಗಡಿಯವರಿಗೆ ಈ ಪ್ರಶ್ನೆ ಯಾವಾಗಲೂ ಇದ್ದದ್ದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ದೂರು ಕೊಡಬಹುದು. 'ನಮ್ಮ ಹದ್ದಲ್ಲ' ಎಂದರೆ ಆ ಕಲಮಿನ ಸಂಖ್ಯೆಯನ್ನು ವಿನಯದಿಂದ ನೆನಪಿಸಿರಿ.

ಬ್ಯಾಂಕಿನ ಹೊಣೆಯ ವಿಷಯ. 2017ರ ಜುಲೈ 6ರ ರಿಜರ್ವ್ ಬ್ಯಾಂಕಿನ ಸುತ್ತೋಲೆ ಒಂದು ತತ್ವವನ್ನು ಹಾಕಿಕೊಟ್ಟಿತು; ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಅದು ಅನ್ವಯವಾಯಿತು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿ, ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ತಡವಾದಷ್ಟೂ ಅವನ ಪಾಲು ಬೆಳೆಯುತ್ತದೆ. ಪಿನ್ ಹೇಳಿಕೊಟ್ಟಂಥ ತಪ್ಪು ಅವನದೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ಕ್ಷಣದ ನಂತರ ಹೋದ ಹಣ ಬ್ಯಾಂಕಿನ ಹೊಣೆ. ಗೌಡರು ಹನ್ನೆರಡನೆಯ ದಿನ ಹೋದರು. ನಾಚಿಕೆಗೆ ಅವರು ತೆತ್ತ ಬೆಲೆ ಬಹಳ ದೊಡ್ಡದು. ಅವರನ್ನು ಮೋಸಗೊಳಿಸಿದವರು ಅದನ್ನೇ ಕಸಬು ಮಾಡಿಕೊಂಡವರು, ದಿನವಿಡೀ ಅದನ್ನೇ ಮಾಡುವವರು. ಹೊಲದಲ್ಲಿ ದುಡಿದು ಬಂದವರು ರಾತ್ರಿ ದಣಿದು ಒಂದು ಗುಂಡಿ ಒತ್ತಿದರೆ ಅದು ದಡ್ಡತನವಲ್ಲ. ಈ ಲೇಖನದಲ್ಲಿ ತಮ್ಮ ಸಂಗತಿ ಬರೆಯಲು ಗೌಡರೇ ಒಪ್ಪಿದರು. "ಹೆಸರ ಬ್ಯಾಡ್ರಿ, ಉಳದದ್ದೆಲ್ಲ ಬರೀರಿ" ಎಂದರು.

ಮುಂಬರುವ ಅಮಾವಾಸ್ಯೆಯ ದಿನ ಮಧ್ಯಾಹ್ನದ ಪ್ರಸಾದದ ನಂತರ ಪ್ರಸಾದ ನಿಲಯದ ನಾಲ್ವರು ಹಿರಿಯ ವಿದ್ಯಾರ್ಥಿಗಳು ದಾಸೋಹ ಮಂಟಪದಲ್ಲಿ ಕೂಡುತ್ತಾರೆ. ಬೆರಳಿನ ಬೀಗ, ವಾಟ್ಸ್‌ಆಪಿನ ಪಿನ್, ಫೋನಿನ ಕನ್ನಡ, ಸಿಮ್‌ಗಳ ತಪಾಸಣೆ, ಈ ನಾಲ್ಕನ್ನು ಮಾಡಿಕೊಡುತ್ತಾರೆ. ಕಾಣಿಕೆ ಏನೂ ಇಲ್ಲ. ಆಧಾರ್ ಮತ್ತು ಅದಕ್ಕೆ ಜೋಡಣೆಯಾದ ಸಂಖ್ಯೆಯ ಫೋನು ತರಬೇಕು. ಫೋನು ನಿಮ್ಮ ಕೈಯಲ್ಲಿಯೇ ಇರಬೇಕು, ಗುಂಡಿಯನ್ನು ನೀವೇ ಒತ್ತಬೇಕು, ಹುಡುಗರು ಬಾಯಿಂದ ಹೇಳುತ್ತಾರೆ. ಪಿನ್ ಒತ್ತುವಾಗ ಅವರು ಮುಖ ಆಚೆ ತಿರುಗಿಸುವಂತೆ ತಾಕೀತು ಮಾಡಿದ್ದೇವೆ. ಹಿರಿಯರನ್ನು ಕರೆತರುವ ಮಕ್ಕಳು ಅಂದು ರೇಶನ್ ಚೀಟಿಯವರು ಯಾರೆಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಬರಬೇಕಾಗಿ ವಿನಂತಿ.